ಪದವೀಧರರು ಬರಲಿ, ಲೆಕ್ಕದ ಪುಸ್ತಕ ರೈತರ ಕೈಯಲ್ಲಿರಲಿ

ವ್ಯವಹಾರ ಶಾಸ್ತ್ರದಲ್ಲಿ ಪದವಿ ಪಡೆದ ಯುವಕ ಯುವತಿಯರು ತಮ್ಮ ದೇಶವನ್ನು ಬಿಟ್ಟು ದೂರದ ದೇಶಗಳಿಗೆ ಹೋಗಿ, ಹೆಚ್ಚಿನ ಸಂಬಳದ ಆಸೆಯಿಲ್ಲದೆ ಅಲ್ಲಿನ ಸಣ್ಣ ಉದ್ದಿಮೆಗಳಿಗೆ ನೆರವಾಗುವ ಪದ್ಧತಿಯೊಂದು ಕಳೆದ ಮೂರು ನಾಲ್ಕು ದಶಕಗಳಲ್ಲಿ ಬೆಳೆದು ಬಂದಿದೆ. 1990ರಲ್ಲಿ ಅಮೆರಿಕದ ಕೆಲವು ವ್ಯವಹಾರ ಶಾಲೆಗಳು ಸೇರಿ ಕಟ್ಟಿದ ತಂಡವೊಂದು ತನ್ನ ಪದವೀಧರರನ್ನು ಪೂರ್ವ ಯೂರೋಪಿಗೆ ಕಳುಹಿಸಿಕೊಟ್ಟಿತು. ಅನಂತರ ಇಂತಹ ತಂಡಗಳು ಏಷ್ಯ, ಆಫ್ರಿಕ ಖಂಡಗಳ ಕಡೆಗೂ ತಿರುಗಿದವು. ಲವಂಗ, ದಾಲ್ಚಿನ್ನಿ, ಜಾಯಿಕಾಯಿಯಂತಹ ತಲೆತಲಾಂತರದ ಸಾಂಬಾರ ಉದ್ಯೋಗಗಳಿಗೆ ಲೆಕ್ಕಪತ್ರ, ಮಾರಾಟ, ಬೆಲೆ ನಿರ್ಣಯಗಳಲ್ಲಿ ಇಂತಹವರ ಸಹಾಯ ಬೇಕೆಂಬ ಮಾತು ಈಗ ಅಲ್ಲಲ್ಲಿ ಕೇಳಿಬರುತ್ತಿದೆ. ಹಾಗಾದರೆ ನಮ್ಮಲ್ಲಿಗೂ ಅಂತಹವರು ಬರಬಾರದೇಕೆ ಎಂದು ತುಮಕೂರು ಸೀಮೆಯ ಹುಣಸೆ ಬೆಳೆಗಾರನು ಕೇಳಿದರೆ ಅದು ಸಹಜವಾದ ಪ್ರಶ್ನೆ.

ಬರಬಹುದು ಎಂಬುದೇ ಈ ಲೇಖನದ ಉತ್ತರ. ಆದರೆ ಯಾರ ಕೈಕೆಳಗೆ ಬರಬೇಕು, ಎಷ್ಟು ದಿನ ಇರಬೇಕು, ಹೋಗುವಾಗ ಏನನ್ನು ಬಿಟ್ಟು ಹೋಗಬೇಕು ಎಂಬ ಮೂರು ಮಾತುಗಳನ್ನು ರೈತರೇ ಮೊದಲು ತೀರ್ಮಾನಿಸಬೇಕು. ಈ ತೀರ್ಮಾನವಿಲ್ಲದೆ ಬಂದ ನೆರವು, ಪರದೇಶದ್ದಾಗಲಿ ಬೆಂಗಳೂರಿನದಾಗಲಿ, ಮಳೆಗಾಲದ ಹಳ್ಳದ ನೀರಿನಂತೆ ಬಂದ ದಾರಿಯಲ್ಲೇ ಹರಿದುಹೋಗುತ್ತದೆ.

ಹುಣಸೆಯೂ ಸಾಂಬಾರ ಬೆಳೆಯೇ

ಸಾಂಬಾರ ಪದಾರ್ಥವೆಂದರೆ ಮಲೆನಾಡಿನ ಮೆಣಸು, ಏಲಕ್ಕಿ ಮಾತ್ರ ಎಂದು ಬಯಲುಸೀಮೆಯ ರೈತರು ತಿಳಿದುಕೊಂಡಿರುವುದುಂಟು. ಇದು ಸರಿಯಲ್ಲ. 1986ರ ಕಾಯಿದೆಯಂತೆ 1987ರಲ್ಲಿ ಸ್ಥಾಪನೆಯಾದ ಸಾಂಬಾರ ಮಂಡಲಿಯ ಪಟ್ಟಿಯಲ್ಲಿರುವ 52 ಪದಾರ್ಥಗಳಲ್ಲಿ ಹುಣಸೆಯೂ ಒಂದು. ತುಮಕೂರಿನ ಮಾರುಕಟ್ಟೆಯಂತೂ ಹುಣಸೆಯ ವ್ಯಾಪಾರಕ್ಕೆ ಹಿಂದಿನಿಂದಲೂ ಹೆಸರಾದುದು.

ಹುಣಸೆ ನಮ್ಮಲ್ಲಿ ತೋಟದ ಬೆಳೆಯಾಗಿ ಬಂದುದಕ್ಕಿಂತ ಬದುವಿನ ಮರವಾಗಿ, ರಸ್ತೆ ಬದಿಯ ಸಾಲುಮರವಾಗಿ, ಗೋಮಾಳದ ನೆರಳಾಗಿ ಬಂದುದೇ ಹೆಚ್ಚು. ತಾತ ನೆಟ್ಟ ಮರದ ಫಲವನ್ನು ಮೊಮ್ಮಗ ಉಣ್ಣುತ್ತಾನೆ. ನೀರು ಕೇಳದು, ಗೊಬ್ಬರ ಕೇಳದು, ರಾಗಿ ಕೈಕೊಟ್ಟ ವರ್ಷವೂ ಅಷ್ಟಿಷ್ಟು ಕಾಸು ತರುತ್ತದೆ. ಹೀಗೆ ಕೇಳದೆ ಕೊಡುವ ಮರವಾದುದರಿಂದಲೇ ಏನೋ, ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ರಾಗಿಗೆ ಎಷ್ಟು ಖರ್ಚಾಯಿತು, ಕಡಲೆಕಾಯಿಗೆ ಎಷ್ಟು ಬಂತು ಎಂದು ಬಾಯಿಪಾಠ ಒಪ್ಪಿಸುವ ರೈತನು ಹುಣಸೆಯ ಮಾತು ಬಂದಾಗ 'ಮರ ಗುತ್ತಿಗೆಗೆ ಕೊಟ್ಟೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ.

ಈ ಗುತ್ತಿಗೆಯ ಪದ್ಧತಿಯನ್ನು ಎಲ್ಲರೂ ಬಲ್ಲರು. ಮರದಲ್ಲಿ ಹೂವು, ಹೀಚು ಕಂಡಾಗಲೇ ವ್ಯಾಪಾರಿಯು ಬಂದು ಇಡೀ ಮರಕ್ಕೆ ಇಷ್ಟೆಂದು ಬೆಲೆ ಕಟ್ಟಿ ಮುಂಗಡ ಕೊಡುತ್ತಾನೆ. ಜನವರಿಯಿಂದ ಏಪ್ರಿಲ್‌ವರೆಗೆ ಕಾಯಿ ಬಡಿಸಿ, ಸಾಗಿಸಿ, ಸಿಪ್ಪೆ, ನಾರು, ಬೀಜ ಬೇರೆ ಮಾಡಿಸಿ ಮಂಡಿಗೆ ತರುತ್ತಾನೆ. ಸುಲಿಯುವ, ಬಡಿಯುವ ಕೆಲಸವನ್ನು ಮಾಡುವವರು ಬಹುಪಾಲು ಹೆಂಗಸರು. ಹೊಲದಲ್ಲಿ ಕೆಲಸವಿಲ್ಲದ ಬೇಸಗೆಯಲ್ಲಿ ಅವರ ಮನೆಗಳಿಗೆ ಬರುವ ಮುಖ್ಯವಾದ ನಗದು ಆದಾಯ ಇದೇ. ಎಷ್ಟು ಕಿಲೋ ಬಿಡಿಸಿದರೆ ಅಷ್ಟಕ್ಕೆ ಕೂಲಿ.

ವ್ಯಾಪಾರಿಯನ್ನು ಇಲ್ಲಿ ದೂಷಿಸುತ್ತಿಲ್ಲ. ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ರಾತ್ರೋರಾತ್ರಿ ಹಣ ಕೊಡುವವನು ಅವನೇ. ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಬಿಡದ ಮರದ ನಷ್ಟವನ್ನು ಹೊರುವವನೂ ಅವನೇ. ಆದರೆ ಅವನು ಲೆಕ್ಕ ಬಲ್ಲವನು. ನಾವು ಲೆಕ್ಕ ಇಡದವರು. ವ್ಯತ್ಯಾಸ ಇರುವುದು ಇಲ್ಲಿಯೇ.

ಒಂದು ಕ್ವಿಂಟಾಲಿನ ಲೆಕ್ಕ

ವ್ಯವಹಾರ ಪದವೀಧರನು ಬಂದರೆ ಮಾಡಬೇಕಾದ ಮೊದಲ ಕೆಲಸ ಯಾವುದು? ಬಣ್ಣದ ಪೊಟ್ಟಣಗಳ ಚಿತ್ರ ಬರೆಯುವುದಲ್ಲ, ಒಂದು ಕ್ವಿಂಟಾಲ್ ಕಾಯಿಯ ಲೆಕ್ಕವನ್ನು ಹಾಕುವುದು. ಸಾಮಾನ್ಯವಾಗಿ ಇಡಿ ಹುಣಸೆ ಹಣ್ಣಿನ ತೂಕದಲ್ಲಿ ತಿರುಳು ಸುಮಾರು 55 ಭಾಗ, ಬೀಜ 34 ಭಾಗ, ಸಿಪ್ಪೆ ಮತ್ತು ನಾರು 11 ಭಾಗ ಇರುತ್ತವೆ. ಮರದಿಂದ ಮರಕ್ಕೆ ಇದು ಹೆಚ್ಚು ಕಡಿಮೆಯಾಗಬಹುದು. ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಇವು ಮಾರುಕಟ್ಟೆಯ ದರಗಳಲ್ಲ, ಉದಾಹರಣೆ ಮಾತ್ರ. ಓದುಗರು ತಮ್ಮೂರಿನ ದರವನ್ನು ಹಾಕಿಕೊಂಡು ನೋಡಬೇಕು.

ಇಡಿ ಕಾಯಿ ಕಿಲೋಗೆ 30 ರೂ.ಗಳಂತೆ ಮಾರಿದರೆ ಕ್ವಿಂಟಾಲಿಗೆ 3,000 ರೂ. ಬರುತ್ತದೆ. ಅದನ್ನೇ ಬಿಡಿಸಿ ತಿರುಳನ್ನು ಕಿಲೋಗೆ 90 ರೂ.ಗಳಂತೆ ಮಾರಿದರೆ 55 ಕಿಲೋಗೆ 4,950 ರೂ. ಬೀಜಕ್ಕೂ ಬೆಲೆಯುಂಟು, ಬೀಜದ ಪುಡಿ ಬಟ್ಟೆ ಗಿರಣಿಗಳಲ್ಲಿ ನೂಲಿಗೆ ಗಂಜಿ ಹಾಕಲು ಬಳಕೆಯಾಗುತ್ತದೆ. ಕಿಲೋಗೆ 10 ರೂ. ಎಂದರೂ 34 ಕಿಲೋಗೆ 340 ರೂ. ಒಟ್ಟು 5,290 ರೂ. ಅಂದರೆ ಇಡಿ ಕಾಯಿಗಿಂತ 2,290 ರೂ. ಹೆಚ್ಚು.

ಇದನ್ನು ಕಂಡೊಡನೆ ಹಿಗ್ಗಬಾರದು. ಬಿಡಿಸುವ ಕೂಲಿ ತಿರುಳಿನ ಕಿಲೋಗೆ 15 ರೂ.ಗಳಂತೆ 825 ರೂ. ಕಳೆಯಬೇಕು. ಚೀಲ, ಸಾಗಾಣಿಕೆ, ಒಣಗಿನ ತೂಕ ನಷ್ಟ ಎಂದು 500 ರೂ. ಕಳೆದರೆ ಉಳಿಯುವುದು 965 ರೂ. ಮನೆ ಖರ್ಚಿಗೆ 3,000 ರೂ. ಸಾಲ ತಂದು ಆರು ತಿಂಗಳು ಕಾದು ಮಾರುವುದಾದರೆ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿ 360 ರೂ. ಇನ್ನು ಉಳಿದುದು 605 ರೂ. ಈ 605 ರೂ.ಗಳಿಗಾಗಿ ತಾನೆ ಇಷ್ಟೆಲ್ಲ ಶ್ರಮ? ಹಾಗಾದರೆ ಅದು ಯಾರ ಕೈ ಸೇರಬೇಕು, ಬೆಳೆಗಾರನಿಗೆಷ್ಟು, ಬಿಡಿಸುವ ಹೆಂಗಸಿಗೆಷ್ಟು, ಕೆಟ್ಟ ವರ್ಷಕ್ಕೆಂದು ಎತ್ತಿಡುವುದೆಷ್ಟು? ಬೆಲೆ ಕಿಲೋಗೆ ಹತ್ತು ರೂಪಾಯಿ ಇಳಿದರೆ 550 ರೂ. ಹೋಗಿ ಉಳಿಯುವುದು ಬರೀ 55 ರೂ. ಎಂಬುದನ್ನೂ ಮರೆಯಬಾರದು.

ಇಂತಹ ಲೆಕ್ಕವನ್ನು ಹಾಕಲು ದೊಡ್ಡ ಪದವಿಯೇನೂ ಬೇಕಿಲ್ಲ. ಆದರೆ ಪ್ರತಿ ವಾರ ತಪ್ಪದೆ ಹಾಕಲು, ಮೂರು ಮಾರುಕಟ್ಟೆಗಳ ದರವನ್ನು ಹೋಲಿಸಲು, ಶೀತಲಗೃಹದ ಬಾಡಿಗೆ ಕೊಟ್ಟು ಕಾಯುವುದು ಲಾಭವೋ ನಷ್ಟವೋ ಎಂದು ಹೇಳಲು ತರಬೇತಾದ ತಲೆ ಬೇಕು. ಹುಣಸೆಯ ತಿರುಳು ಹೊರಗೆ ಇಟ್ಟಷ್ಟೂ ಕಪ್ಪಾಗುತ್ತದೆ. ತಂಪಿನಲ್ಲಿಟ್ಟರೆ ಬಣ್ಣ ಉಳಿಯುತ್ತದೆ. ಕೊಳ್ಳುವವನು ಬಣ್ಣವನ್ನು ನೋಡಿಯೇ ಬೆಲೆ ಕಟ್ಟುವುದರಿಂದ ಕಾಯುವ ಶಕ್ತಿ ಇದ್ದವನಿಗೆ ಲಾಭ, ಇಲ್ಲದವನಿಗೆ ಸಿಕ್ಕಿದ್ದೇ ಬೆಲೆ.

ಪರದೇಶದ ಸುದ್ದಿ ತಿಳಿಯದಿದ್ದರೆ

ಇಷ್ಟಕ್ಕೆ ನಮ್ಮವರೇ ಸಾಕಲ್ಲ, ಹೊರಗಿನವರೇಕೆ ಎಂದು ಕೇಳಬಹುದು. ಸಾಂಬಾರ ಪದಾರ್ಥಗಳ ಬೆಲೆ ನಮ್ಮೂರ ಸಂತೆಯಲ್ಲಿ ಮಾತ್ರ ಹುಟ್ಟುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ವೆನಿಲಾದ ಕಥೆಯನ್ನು ಕರ್ನಾಟಕದ ರೈತರು ಮರೆತಿರಲಾರರು. 2000ದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿದು ಅಲ್ಲಿನ ವೆನಿಲಾ ಬೆಳೆಗೆ ದೊಡ್ಡ ಹಾನಿಯಾಯಿತು. ಬೆಲೆ ಏರತೊಡಗಿತು. 2003ರ ಹೊತ್ತಿಗೆ ನಮ್ಮ ಮಲೆನಾಡು, ಕರಾವಳಿಗಳಲ್ಲಿ ಹಸಿ ಕೋಡಿಗೆ ಕಿಲೋಗೆ 3,000 ರೂ.ಗಳನ್ನೂ ಮೀರಿದ ಬೆಲೆ ಬಂದಿತ್ತು. ಅಡಿಕೆ ತೋಟಗಳಲ್ಲಿ ಬಳ್ಳಿ ಹಬ್ಬಿತು. ಕಳ್ಳರ ಭಯಕ್ಕೆ ರೈತರು ರಾತ್ರಿ ತೋಟ ಕಾದರು. ಅತ್ತ ಮಡಗಾಸ್ಕರ್ ಚೇತರಿಸಿಕೊಂಡಿತು, ಇತ್ತ ದುಬಾರಿ ಬೆಲೆಗೆ ಹೆದರಿದ ತಿಂಡಿ ತಯಾರಕರು ಕೃತಕ ವೆನಿಲಿನ್ ಕಡೆಗೆ ಹೊರಳಿದರು. ಕೆಲವೇ ವರ್ಷಗಳಲ್ಲಿ ಬೆಲೆ ನೂರು ರೂಪಾಯಿಗಿಂತ ಕೆಳಗೆ ಕುಸಿಯಿತು. ಹೂವಿಗೊಂದರಂತೆ ಕೈಯಿಂದಲೇ ಪರಾಗಸ್ಪರ್ಶ ಮಾಡಿದ ಶ್ರಮವೆಲ್ಲ ಮಣ್ಣುಪಾಲಾಯಿತು.

ಬೇಸಾಯ ಕ್ರಮದಲ್ಲಿ ನಮ್ಮ ರೈತರು ಸೋಲಲಿಲ್ಲ. ಮಡಗಾಸ್ಕರಿನಲ್ಲಿ ಮರುನಾಟಿ ಎಷ್ಟಾಗಿದೆ, ಕೊಳ್ಳುವ ಕಂಪನಿಗಳು ಏನು ಯೋಚಿಸುತ್ತಿವೆ ಎಂದು ಹೊತ್ತಿಗೆ ಸರಿಯಾಗಿ ತಿಳಿಸುವವರು ಅವರ ಕಡೆ ಇರಲಿಲ್ಲ. ಏಲಕ್ಕಿಯಲ್ಲಿಯೂ ಹೀಗೆಯೇ ಆಯಿತು. ನಮ್ಮ ಪಶ್ಚಿಮ ಘಟ್ಟದ ಬೆಳೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಕ್ಕೆ ಹೋಗಿ ನೆಲೆಯೂರಿ, ಕೊಲ್ಲಿ ದೇಶಗಳ ಮಾರುಕಟ್ಟೆಯಲ್ಲಿ ನಮಗೇ ಪ್ರತಿಸ್ಪರ್ಧಿಯಾಗಿ ನಿಂತಿತು.

ಆದುದರಿಂದ ಕೊಳ್ಳುವ ದೇಶದ ಅಂಗಡಿ, ಅಡಿಗೆಮನೆ, ಕಾನೂನುಗಳನ್ನು ಬಲ್ಲ ಯುವಕನೊಬ್ಬ ಬಂದು ಒಂದು ವರ್ಷ ನಮ್ಮ ಜೊತೆ ಕುಳಿತರೆ ಪ್ರಯೋಜನವುಂಟು. ತೇವ ಎಷ್ಟಿರಬೇಕು, ಮರಳು, ನಾರು ಎಷ್ಟಿದ್ದರೆ ಮಾಲು ತಿರಸ್ಕೃತವಾಗುತ್ತದೆ, ಹುಣಸೆ ರಸವನ್ನು ಅಲ್ಲಿನವರು ಯಾವ ರೂಪದಲ್ಲಿ ಕೊಳ್ಳುತ್ತಾರೆ ಎಂಬುದು ಅವನಿಗೆ ಸುಲಭವಾಗಿ ತಿಳಿದೀತು. ರಸವನ್ನು ಗಟ್ಟಿಗೊಳಿಸುವ, ಪುಡಿ ಮಾಡುವ ತಂತ್ರವನ್ನು ಕಲಿಯಲು ಹೊರದೇಶಕ್ಕೆ ಹೋಗಬೇಕಿಲ್ಲ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪನೆಯಾದ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಅದನ್ನು ರೂಪಿಸಿದೆ. ತಂತ್ರ ನಮ್ಮಲ್ಲಿದೆ, ಹಣ್ಣು ನಮ್ಮಲ್ಲಿದೆ. ಇವೆರಡನ್ನೂ ಕೊಳ್ಳುವವನಿಗೆ ಜೋಡಿಸುವ ಕೊಂಡಿಯೇ ಸಡಿಲವಾಗಿರುವುದು.

ಪುಕ್ಕಟೆ ನೆರವಿಗೂ ಬೆಲೆಯುಂಟು

ಹೊರಗಿನಿಂದ ಬಂದ ಸ್ವಯಂಸೇವಕರು ನಮ್ಮ ನಾಡಿಗೆ ಹೊಸಬರೇನಲ್ಲ. ಅಮೆರಿಕದ ಶಾಂತಿ ಪಡೆಯ ಯುವಕರು 1961ರಿಂದ 1976ರವರೆಗೆ ಭಾರತದಲ್ಲಿದ್ದರು. ಅಂದಿನ ಮೈಸೂರು ರಾಜ್ಯಕ್ಕೂ ಬಂದು ಕೋಳಿ ಸಾಕಣೆ ಮೊದಲಾದ ಕೆಲಸಗಳಲ್ಲಿ ತೊಡಗಿದ್ದರು. ಅವರು ಎರಡು ವರ್ಷದ ಮಟ್ಟಿಗೆ ಬರುತ್ತಿದ್ದರು, ಹಳ್ಳಿಯಲ್ಲೇ ಇರುತ್ತಿದ್ದರು, ಸ್ಥಳದ ಭಾಷೆ ಕಲಿಯಲು ಶ್ರಮಿಸುತ್ತಿದ್ದರು. ಇಂದಿನ ಸ್ವಯಂಸೇವಕರಲ್ಲಿ ಹಲವರು ಬರುವುದು ಕೆಲವು ವಾರಗಳಿಗೆ ಮಾತ್ರ. ಹುಣಸೆಯಾದರೋ ಹೂವು ಬಿಟ್ಟು ಹಣ್ಣಾಗಲು ಎಂಟು ಹತ್ತು ತಿಂಗಳು ತೆಗೆದುಕೊಳ್ಳುವ ಮರ. ಆರು ವಾರಕ್ಕೆ ಬಂದವನು ಹೂವು ಕಂಡರೆ ಹಣ್ಣು ಕಾಣಲಾರ, ಹಣ್ಣು ಕಂಡರೆ ಮಾರಾಟ ಕಾಣಲಾರ.

ಇನ್ನು ಸ್ವಯಂಸೇವಕನು ಸಂಬಳ ಕೇಳದಿದ್ದರೂ ಊರಿಗೆ ಖರ್ಚು ತಪ್ಪಿದ್ದಲ್ಲ. ಅವನಿಗೆ ಮನೆ ಬೇಕು, ಮಾತು ತಿಳಿಸುವವರು ಬೇಕು, ಸಂಘದ ಕಾರ್ಯದರ್ಶಿಯು ತನ್ನ ಕೆಲಸ ಬಿಟ್ಟು ಅವನ ಜೊತೆ ಓಡಾಡಬೇಕು. ಇಷ್ಟಾಗಿ ಕೊನೆಗೆ ದೊರೆಯುವುದು ಇಂಗ್ಲಿಷಿನಲ್ಲಿ ಬರೆದ ಒಂದು ವರದಿ. ಅದನ್ನು ಓದಬೇಕಾದವರು ಹುಣಸೆ ಬಡಿಯುವವರು. ಓದುವವರು ಕಳುಹಿಸಿದ ಸಂಸ್ಥೆಯವರು. ಇದರಿಂದ ಅವನ ಜೀವನ ಚರಿತ್ರೆಗೆ ಒಂದು ಸಾಲು ಸೇರುತ್ತದೆ, ನಮ್ಮ ಚೀಲಕ್ಕೆ ಒಂದು ಕಾಸೂ ಸೇರುವುದಿಲ್ಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಲೆಕ್ಕ ಬಲ್ಲವನು ಬಂದೊಡನೆ ಕಣ್ಣಿಗೆ ಬೀಳುವುದು ಕೂಲಿಯ ಖರ್ಚು. ಸಿಪ್ಪೆ ಬಿಡಿಸುವ, ಬೀಜ ತೆಗೆಯುವ ಯಂತ್ರಗಳು ಬಂದಿವೆ; ಅವನ್ನು ರೂಪಿಸುವುದರಲ್ಲಿ ಕೃಷಿ ವಿಶ್ವವಿದ್ಯಾನಿಲಯಗಳ ಪಾತ್ರವೂ ಇದೆ. ಯಂತ್ರ ತರಿಸಿ, ಕೂಲಿ ಉಳಿಸಿ ಎಂದು ಸಲಹೆ ಮಾಡುವುದು ಸುಲಭ. ಆದರೆ ಉಳಿದ ಕೂಲಿ ಎಂದರೆ ಇನ್ನೊಂದು ಮನೆಯಲ್ಲಿ ಬೇಸಗೆಯ ಮೂರು ತಿಂಗಳು ಹತ್ತದ ಒಲೆ. ಯಂತ್ರ ಬೇಡವೆಂದು ಹೇಳುತ್ತಿಲ್ಲ. ಸುತ್ತಿಗೆ ಬಡಿದು ಬೆರಳು ಜಜ್ಜಿಕೊಳ್ಳುವ, ದಿನವಿಡೀ ಕುಕ್ಕುರುಗಾಲಲ್ಲಿ ಕೂರುವ ಕಷ್ಟ ಯಾರಿಗೂ ಇಷ್ಟವಲ್ಲ. ಆ ಯಂತ್ರಕ್ಕೆ ಆ ಹೆಂಗಸರೇ ಒಡತಿಯರಾಗಲಿ, ಸಂಘದ ಷೇರು ಅವರ ಹೆಸರಿನಲ್ಲಿಯೂ ಇರಲಿ ಎಂಬುದಷ್ಟೇ ನಮ್ಮ ಮಾತು. ಮರವುಳ್ಳವನನ್ನು ಮಾತ್ರ ರೈತನೆಂದು ಕರೆದು, ಹಣ್ಣನ್ನು ಮಾರಾಟಕ್ಕೆ ಯೋಗ್ಯ ಮಾಡುವವಳನ್ನು ಹೊರಗಿಟ್ಟ ಲೆಕ್ಕ ಅರ್ಧ ಲೆಕ್ಕವೇ ಸರಿ.

ಆನಂದದಿಂದ ಚೇಳೂರಿನವರೆಗೆ

ಬಲ್ಲವರು ಮತ್ತು ಬೆಳೆದವರು ಹೇಗೆ ಕೂಡಿ ನಡೆಯಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ನಿದರ್ಶನವಿದೆ. ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು 1946ರಲ್ಲಿ ತಮ್ಮ ಸಹಕಾರ ಒಕ್ಕೂಟವನ್ನು ಕಟ್ಟಿದರು. ಅಮೆರಿಕದಲ್ಲಿ ಓದಿ ಬಂದ ವರ್ಗೀಸ್ ಕುರಿಯನ್ನರು ವಿದ್ಯಾರ್ಥಿವೇತನದ ಕರಾರನ್ನು ತೀರಿಸುವುದಕ್ಕಾಗಿ 1949ರಲ್ಲಿ ಆನಂದ್ ಪಟ್ಟಣದ ಸರ್ಕಾರಿ ಹಾಲಿನ ಕೇಂದ್ರಕ್ಕೆ ಬಂದವರು, ಒಕ್ಕೂಟದ ಮುಖಂಡರಾದ ತ್ರಿಭುವನದಾಸ್ ಪಟೇಲರ ಒತ್ತಾಯದಿಂದ ಅಲ್ಲಿಯೇ ಉಳಿದರು. 1955ರಲ್ಲಿ ಅಲ್ಲಿ ಹಾಲಿನ ಪುಡಿಯ ಕಾರ್ಖಾನೆ ಎದ್ದಾಗ ಯೂನಿಸೆಫ್ ಮತ್ತು ನ್ಯೂಜಿಲೆಂಡ್ ನೆರವನ್ನು ಕೊಟ್ಟವು. ಹೊರಗಿನ ಯಂತ್ರ ಬಂತು, ಹೊರಗೆ ಓದಿದವರ ಬುದ್ಧಿ ಬಂತು. ಆದರೆ ಮಾಲೀಕರು ಹಾಲು ಹಿಂಡುವವರೇ ಆಗಿ ಉಳಿದರು. ಅಧ್ಯಕ್ಷನು ರೈತ, ವ್ಯವಸ್ಥಾಪಕನು ಅವನ ನೌಕರ. ಇಂತಹ ನೌಕರರನ್ನು ತಯಾರು ಮಾಡುವುದಕ್ಕೆಂದೇ 1979ರಲ್ಲಿ ಆನಂದದಲ್ಲಿ ಗ್ರಾಮೀಣ ವ್ಯವಸ್ಥಾಪನೆಯ ವಿದ್ಯಾಸಂಸ್ಥೆ ಹುಟ್ಟಿತು.

ಅಷ್ಟು ದೂರ ಹೋಗುವುದೂ ಬೇಡ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸಿದ್ದು ಹಲಸನ್ನು ಇಂದು ಎಲ್ಲರೂ ಬಲ್ಲರು. ಒಬ್ಬ ರೈತನ ಮನೆಯ ಹಳೆಯ ಮರ ಅದು. ಕೆಂಪು ತೊಳೆಯ, ರುಚಿಯಾದ ಹಣ್ಣು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ತುಮಕೂರಿನ ಹತ್ತಿರದ ಹಿರೇಹಳ್ಳಿಯ ತನ್ನ ಕೇಂದ್ರದ ಮೂಲಕ ಅದನ್ನು ಗುರುತಿಸಿ, 2017ರಲ್ಲಿ ಆ ರೈತ ಕುಟುಂಬದೊಡನೆ ಕರಾರು ಮಾಡಿಕೊಂಡು ಕಸಿ ಗಿಡಗಳ ಮಾರಾಟಕ್ಕೆ ದಾರಿ ಮಾಡಿತು. ಗಿಡ ಮಾರಿದ ಹಣದಲ್ಲಿ ಹೆಚ್ಚಿನ ಪಾಲು ಮರದ ಒಡೆಯನಿಗೆ ಎಂಬ ಕರಾರು ಅದು. ಮರ ಮೊದಲಿನಿಂದಲೂ ಇತ್ತು, ರುಚಿಯೂ ಇತ್ತು. ಹೊಸದಾಗಿ ಸೇರಿದುದು ಒಂದು ಕಾಗದ, ಯಾರಿಗೆ ಎಷ್ಟು ಎಂದು ಸ್ಪಷ್ಟವಾಗಿ ಬರೆದ ಕಾಗದ. ವ್ಯವಹಾರ ಜ್ಞಾನದಿಂದ ರೈತನಿಗೆ ಸಿಗಬೇಕಾದ ಮುಖ್ಯ ಫಲ ಇಂತಹ ಕಾಗದವೇ.

ಸಂಬಳ ಯಾರು ಕೊಡಬೇಕು?

ಕೇಂದ್ರ ಸರ್ಕಾರವು 2020ರಲ್ಲಿ ಹತ್ತು ಸಾವಿರ ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಬಯಲು ಪ್ರದೇಶದಲ್ಲಿ ಒಂದೊಂದು ಸಂಸ್ಥೆಗೆ ಕನಿಷ್ಠ 300 ಸದಸ್ಯರಿರಬೇಕು. ಮೂರು ವರ್ಷಗಳ ಅವಧಿಗೆ ಒಟ್ಟು 18 ಲಕ್ಷ ರೂ. ಮೀರದಂತೆ ಆಡಳಿತ ವೆಚ್ಚಕ್ಕೆ ನೆರವು. ಅದರಲ್ಲಿ ಮುಖ್ಯ ಕಾರ್ಯನಿರ್ವಾಹಕನಿಗೆ ತಿಂಗಳಿಗೆ 25,000 ರೂ.ವರೆಗೆ ಸಂಬಳಕ್ಕೆ ಅವಕಾಶವಿತ್ತು. ಸಮಸ್ಯೆ ಬರುವುದು ನಾಲ್ಕನೆಯ ವರ್ಷ. ನೆರವು ನಿಂತೊಡನೆ ಓದಿದ ಹುಡುಗ ಬೇರೆ ನೌಕರಿ ಹುಡುಕಿಕೊಂಡು ಹೋದರೆ ಸಂಸ್ಥೆಗೆ ಉಳಿಯುವುದು ನಾಮಫಲಕ ಮಾತ್ರ. ಆಗ ಪುಕ್ಕಟೆ ಸ್ವಯಂಸೇವಕ ಸಿಕ್ಕಾನೇ ಎಂದು ನೋಡುವ ಆಸೆ ಹುಟ್ಟುತ್ತದೆ.

ಈ ಆಸೆಗೆ ಬಲಿಯಾಗುವ ಮೊದಲು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳಿಗೆ 25,000 ರೂ. ಎಂದರೆ ವರ್ಷಕ್ಕೆ 3 ಲಕ್ಷ ರೂ. ಸಂಸ್ಥೆಯು ಕ್ವಿಂಟಾಲಿಗೆ 100 ರೂ. ಹಿಡಿದುಕೊಂಡರೆ 3,000 ಕ್ವಿಂಟಾಲ್ ಕಾಯಿ ಬೇಕು. 300 ಸದಸ್ಯರಿಗೆ ಹಂಚಿದರೆ ತಲೆಗೆ 10 ಕ್ವಿಂಟಾಲ್. ಒಳ್ಳೆಯ ವರ್ಷದಲ್ಲಿ ದೊಡ್ಡ ಮರವೊಂದು 2 ಕ್ವಿಂಟಾಲ್ ಬಿಟ್ಟರೆ ಐದು ಮರಗಳ ಫಸಲು. ಮರ ಪ್ರತಿ ವರ್ಷ ಒಂದೇ ಸಮ ಬಿಡದುದರಿಂದ ಒಳ್ಳೆಯ ವರ್ಷದಲ್ಲಿ ಸ್ವಲ್ಪ ಹೆಚ್ಚು ಹಿಡಿದು ಕೆಟ್ಟ ವರ್ಷಕ್ಕೆ ಕಾಯ್ದಿಡಬೇಕು. ಮರ ಕಡಿಮೆ ಇರುವ ಊರಿನಲ್ಲಿ ಎರಡು ಸಂಸ್ಥೆಗಳು ಸೇರಿ ಒಬ್ಬನನ್ನಿಟ್ಟುಕೊಳ್ಳಬಹುದು. ಹೀಗೆ ನೋಡಿದರೆ ನಮ್ಮ ಲೆಕ್ಕಿಗನಿಗೆ ನಾವೇ ಸಂಬಳ ಕೊಡುವುದು ಆಗದ ಮಾತೇನಲ್ಲ. ಸಂಬಳ ಕೊಟ್ಟವನಿಗೆ ಕೇಳುವ ಹಕ್ಕಿರುತ್ತದೆ. ಪುಕ್ಕಟೆ ಬಂದವನನ್ನು ಕೇಳಲು ನಾಲಿಗೆ ಏಳುವುದಿಲ್ಲ.

ಸ್ವಯಂಸೇವಕ ಬಂದರೆ ಹಾಕಬೇಕಾದ ಷರತ್ತುಗಳು

ಆದರೂ ಹೊರಗಿನಿಂದ ಯೋಗ್ಯನೊಬ್ಬ ಬರುವುದಾದರೆ ಬಾಗಿಲು ಹಾಕಬೇಕಾಗಿಲ್ಲ. ರೈತ ಸಂಸ್ಥೆಗಳು ಈ ಕೆಳಗಿನ ಮಾತುಗಳನ್ನು ಮೊದಲೇ ಬರೆದು ಒಪ್ಪಿಸಿಕೊಳ್ಳುವುದು ಒಳ್ಳೆಯದು.

1. ಮರ ಹೂವು ಬಿಟ್ಟಂದಿನಿಂದ ಮಾಲು ಮಾರಾಟವಾಗುವವರೆಗೆ, ಅಂದರೆ ಕಡಮೆ ಎಂದರೆ ಒಂದು ಪೂರ್ತಿ ಸುಗ್ಗಿ ಇರಬೇಕು.

2. ಮೊದಲ ತಿಂಗಳು ಸಲಹೆ ಹೇಳಬಾರದು. ಮರ ಬಡಿಯುವಲ್ಲಿ, ಹುಣಸೆ ಬಿಡಿಸುವಲ್ಲಿ, ಹರಾಜಿನಲ್ಲಿ ನಿಂತು ನೋಡಿ ಲೆಕ್ಕ ಬರೆದುಕೊಳ್ಳಬೇಕು.

3. ಊರಿನ ಓದಿದ ಹುಡುಗಿ ಅಥವಾ ಹುಡುಗನೊಬ್ಬ ಅವನ ಜೊತೆಗಿದ್ದು ಕೆಲಸ ಕಲಿಯಬೇಕು. ಅವನು ಹೋದ ಮರುದಿನ ಕೆಲಸ ನಿಲ್ಲಬಾರದು.

4. ಲೆಕ್ಕ, ಪತ್ರ, ವರದಿಗಳೆಲ್ಲ ಕನ್ನಡದಲ್ಲಿರಬೇಕು; ಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು.

5. ಕೊಳ್ಳುವವರ ವಿಳಾಸ, ಪತ್ರ ವ್ಯವಹಾರ, ವ್ಯಾಪಾರದ ಹೆಸರು ಎಲ್ಲವೂ ಸಂಸ್ಥೆಯ ಆಸ್ತಿ. ಹಣಕ್ಕೆ ರುಜು ಹಾಕುವ ಅಧಿಕಾರ ಸದಸ್ಯರಿಗೆ ಮಾತ್ರ.

6. ಯಂತ್ರವನ್ನು ಸೂಚಿಸುವ ಮೊದಲು ಅದರಿಂದ ಎಷ್ಟು ಹೆಂಗಸರ ಕೂಲಿ ಹೋಗುತ್ತದೆ, ಅವರಿಗೆ ಬದಲು ಕೆಲಸವೇನು ಎಂಬುದನ್ನು ಲೆಕ್ಕದಲ್ಲಿ ತೋರಿಸಬೇಕು.

ಇವನ್ನು ಒಪ್ಪುವವನು ನಿಜವಾದ ಸ್ವಯಂಸೇವಕ. ಒಪ್ಪದವನು ಪ್ರವಾಸಿ, ಅವನಿಗೆ ಎಳನೀರು ಕೊಟ್ಟು ಬೀಳ್ಕೊಡಬಹುದು.

ನಮ್ಮ ಪದವೀಧರರಿಗೆ ಒಂದು ಮಾತು

ಕೊನೆಯದಾಗಿ ನಮ್ಮವರ ಮಾತು. ಬೆಂಗಳೂರಿನಲ್ಲಿ ಭಾರತೀಯ ವ್ಯವಸ್ಥಾಪನ ಸಂಸ್ಥೆ 1973ರಲ್ಲಿ ಆರಂಭವಾಯಿತು. ತುಮಕೂರು ವಿಶ್ವವಿದ್ಯಾನಿಲಯ 2004ರಿಂದ ನಡೆಯುತ್ತಿದೆ. ಅಲ್ಲಿಯೂ ವಾಣಿಜ್ಯ, ವ್ಯವಹಾರ ಆಡಳಿತಗಳನ್ನು ಕಲಿಸುತ್ತಾರೆ. ಕುಣಿಗಲ್, ಗುಬ್ಬಿ, ಶಿರಾ ಕಡೆಯ ರೈತರ ಮಕ್ಕಳೇ ಈ ಪದವಿಗಳನ್ನು ಪಡೆಯುತ್ತಿದ್ದಾರೆ. ಅವರಲ್ಲಿ ಅನೇಕರು ದಿನವೂ ಅಂತರಸನಹಳ್ಳಿಯನ್ನು ದಾಟಿಯೇ ತರಗತಿಗೋ ಕೆಲಸಕ್ಕೋ ಹೋಗುವವರು. ಒಂದು ಮಗ್ಗುಲಿಗೆ ತರಕಾರಿ ಮಾರುಕಟ್ಟೆ, ಇನ್ನೊಂದು ಮಗ್ಗುಲಿಗೆ ಕೈಗಾರಿಕಾ ಪ್ರದೇಶ. ಬೆಳೆ ಹೇಗೆ ಸರಕಾಗುತ್ತದೆ, ಸರಕು ಹೇಗೆ ಹಣವಾಗುತ್ತದೆ ಎಂಬ ಪಾಠ ಆ ಒಂದು ರಸ್ತೆಯಲ್ಲೇ ತೆರೆದು ಬಿದ್ದಿದೆ. ಆದರೂ ಪರೀಕ್ಷೆಗಾಗಿ ಬರೆಯುವ ಪ್ರಬಂಧಕ್ಕೆ ಅವರು ಆರಿಸಿಕೊಳ್ಳುವುದು ಹೆಚ್ಚಾಗಿ ದೂರದ ದೊಡ್ಡ ಕಂಪನಿಯನ್ನು.

ಕಾಲೇಜುಗಳು ಮನಸ್ಸು ಮಾಡಿದರೆ ಪ್ರತಿ ವರ್ಷ ಜನವರಿಯಿಂದ ಏಪ್ರಿಲ್‌ವರೆಗೆ ಹತ್ತಾರು ವಿದ್ಯಾರ್ಥಿಗಳನ್ನು ಹುಣಸೆಯ ಸುಗ್ಗಿಗೆ ಕಳುಹಿಸಬಹುದು. ಒಂದೊಂದು ಹಳ್ಳಿಗೆ ಇಬ್ಬರು. ಎಷ್ಟು ಮರ, ಎಷ್ಟು ಗುತ್ತಿಗೆ, ಎಷ್ಟು ಕೂಲಿ, ಎಷ್ಟು ಬಡ್ಡಿ ಎಂದು ನಾಲ್ಕು ಕಾಲಂಗಳ ಲೆಕ್ಕ. ಐದು ವರ್ಷ ಹೀಗೆ ಬರೆದರೆ ಗುತ್ತಿಗೆಯ ಮಾತಿಗೆ ಕೂರುವ ರೈತನ ಕೈಯಲ್ಲಿ ಐದು ವರ್ಷದ ಬೆಲೆಯ ಪಟ್ಟಿ ಇರುತ್ತದೆ. ಅವರ ಊಟ, ಓಡಾಟದ ಖರ್ಚನ್ನು ಸಂಸ್ಥೆಯೇ ಕೊಡಲಿ. ಬಡ ವಿದ್ಯಾರ್ಥಿಯನ್ನು ಸೇವೆಯ ಹೆಸರಿನಲ್ಲಿ ಬರಿಗೈಯಲ್ಲಿ ದುಡಿಸುವುದು ತರವಲ್ಲ. ಅವರಲ್ಲಿ ಒಬ್ಬಿಬ್ಬರು ಮುಂದೆ ಪರದೇಶಕ್ಕೆ ಹೋದರೂ ಒಳ್ಳೆಯದೇ. ಅಲ್ಲಿನ ಅಂಗಡಿಯಲ್ಲಿ ಹುಣಸೆಯ ಬಾಟಲಿ ಕಂಡಾಗ ಬೆಲೆಯನ್ನು ಬರೆದು ಕಳುಹಿಸಿದರೆ ಅದೂ ದೊಡ್ಡ ಸೇವೆಯೇ.

ರೈತ ಬಾಂಧವರು ಬರುವ ಸುಗ್ಗಿಯವರೆಗೆ ಯಾರನ್ನೂ ಕಾಯಬೇಕಾದುದಿಲ್ಲ. ಮನೆಯಲ್ಲಿ ಓದುವ ಮಗುವಿನ ಕೈಗೆ ಹಳೆಯ ನೋಟುಬುಕ್ಕೊಂದನ್ನು ಕೊಟ್ಟು, ಮೊದಲ ಪುಟದಲ್ಲಿ ನಿಮ್ಮ ಬದುವಿನ ಹುಣಸೆ ಮರಗಳ ಎಣಿಕೆಯನ್ನು ಬರೆಸಿರಿ. ಕಳೆದ ವರ್ಷ ಗುತ್ತಿಗೆಗೆ ಎಷ್ಟು ಬಂತು ಎಂದು ಅದರ ಕೆಳಗೆ ಬರೆಸಿರಿ. ಮುಂದೆ ಯಾವ ಊರಿನ, ಯಾವ ದೇಶದ ಪದವೀಧರ ಬಂದರೂ ಅವನ ಕೆಲಸ ಆ ಪುಟದಿಂದಲೇ ಮೊದಲಾಗಬೇಕು.